ಮನೇಲೇ ಕಾರಿನ ಬಾನೆಟ್ ಒಳಗೆ ಕ್ಲೀನ್ ಮಾಡೋದು ಹೇಗೆ? ನೀರು ಹಾಕ್ಬಹುದಾ?

ಶಿರಸಿ_ಸ್ವಿಫ್ಟ್:
ಎಲ್ರಿಗೂ ನಮಸ್ಕಾರ. ನಂದು 2014ರ ಸ್ವಿಫ್ಟ್, ಪೆಟ್ರೋಲು. ಊರು ಶಿರಸಿ ಹತ್ರ ಒಂದು ಹಳ್ಳಿ, ಟಾರ್ ರಸ್ತೆ ಬಿಟ್ಟು ಮನೆವರೆಗೂ ಮಣ್ಣು ರಸ್ತೇನೇ, ಕಾರು ನಿಲ್ಲಿಸೋದು ಅಡಿಕೆ ದಾಸ್ತಾನು ಇಡೋ ಕೊಟ್ಟಿಗೆ ಪಕ್ಕದ ಶೆಡ್ಡಲ್ಲಿ. ಮಳೆಗಾಲ ಮುಗೀತಲ್ಲ ಅಂತ ಮೊನ್ನೆ ಬಾನೆಟ್ ಎತ್ತಿ ನೋಡಿದ್ರೆ ಕೆಂಪು ಮಣ್ಣು ಒಣಗಿ ಎಲ್ಲಾ ಕಡೆ ಪದರಪದರ ಹಿಡಿದಿದೆ, ವೈಪರ್ ಕೆಳಗೆ ಎಲೆ ಕೊಳೆತು ಗೊಬ್ಬರ ಆಗಿದೆ, ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ, ಇಂಜಿನ್ ಒಂದು ಬದಿಗೆ ಆಯಿಲ್ ಜಿಡ್ಡು ಅದಕ್ಕೆ ಧೂಳು ಅಂಟಿ ಕರಿ ಮುದ್ದೆ. ಸಾಲದ್ದಕ್ಕೆ ಒಂದ್ಕಡೆ ಇಲಿ ಹಿಕ್ಕೆ, ಅಡಿಕೆ ಸಿಪ್ಪೆ ನಾರು ಎಲ್ಲಾ ತಂದು ಗುಡ್ಡೆ ಹಾಕಿದೆ.

ಪೇಟೆಲಿ ವಾಟರ್ ಸರ್ವಿಸ್ ಮಾಡೋರು ಪ್ರೆಶರ್ ಹೊಡೆದು ಮೇಲಿಂದ ಡೀಸೆಲ್ ಸ್ಪ್ರೇ ಮಾಡಿ ಕೊಡ್ತೇವೆ ಹೊಸ ಗಾಡಿ ಹಂಗೆ ಮಿಂಚ್ತದೆ ಅಂದ್ರು. ಅಪ್ಪ ಇಂಜಿನ್‌ಗೆ ಒಂದು ಹನಿ ನೀರೂ ತಾಗಿಸಬೇಡ ಅಂತಾರೆ. ಯಾವುದು ಸರಿ? ಮನೇಲೇ ಮಾಡೋದಾದ್ರೆ ಎಲ್ಲಿಂದ ಶುರು ಮಾಡ್ಬೇಕು?

ಟರ್ಬೋ_ತಿಮ್ಮ:
ಗುರು ಇಷ್ಟೆಲ್ಲಾ ತಲೆ ಕೆಡಿಸ್ಕೋಬೇಡಿ. ಮಳೇಲಿ ಓಡಿಸಲ್ವಾ, ನೀರು ನಿಂತ ರೋಡಲ್ಲಿ ಹೋಗಲ್ವಾ, ಆಗೆಲ್ಲ ಏನೂ ಆಗಲ್ಲ ಅಂದ್ಮೇಲೆ ಈಗ ಏನಾಗುತ್ತೆ. ಇಂಜಿನ್ ಆನ್ ಇಟ್ಕೊಂಡು ಪ್ರೆಶರ್ ಗನ್ನಲ್ಲಿ ಹೊಡೀರಿ, ಆ ಬಿಸಿಗೆ ತಾನೇ ಒಣಗುತ್ತೆ. ನಮ್ಮ ಏರಿಯಾದಲ್ಲಿ ಎಲ್ರೂ ಹಂಗೇ ಮಾಡೋದು.

ಸ್ಪ್ಯಾನರ್_ಹುಬ್ಬಳ್ಳಿ:
ತಿಮ್ಮ ಅವರ, ನಿಮ್ಮ ಮಾತು ಅರ್ಧ ಖರೇ ಐತಿ ಅಷ್ಟ. ಮಳ್ಯಾಗ ನೀರು ಕೆಳಗಿಂದ ಸಿಡೀತೈತಿ, ಮ್ಯಾಲೆ ಬಾನೆಟ್ ಮುಚ್ಚಿರತೈತಿ, ಕನೆಕ್ಟರ್‌ಗೆ ಇರೋ ರಬ್ಬರ್ ಸೀಲು ಅಂಥಾ ಸಿಡಿಯೋ ನೀರಿಗೆ ಅಂತನ ಮಾಡಿರತಾರ. ಪ್ರೆಶರ್ ಗನ್ ಅಂದ್ರ ಮನಿಗೆ ತಗೊಳ್ಳೋ ಸಣ್ಣ ಮಷೀನಿಂದ ಕೂಡ 100 ಬಾರ್ ಸುತ್ತ ಇರತೈತಿ, ಅದನ್ನ ಹತ್ರ ಹಿಡಿದು ಹೊಡದ್ರ ಸೀಲ್ ದಾಟಿ ಒಳಗ ಹೋಗಿ ಕುಂತ ನೀರು ಹೊರಗ ಬರಂಗಿಲ್ಲ. ಅವತ್ತು ಗಾಡಿ ಚಲೋನ ಓಡತೈತಿ, ಆಮ್ಯಾಲೆ ಒಳಗಿನ ಪಿನ್ ಹಸರಗಟ್ಟಿ ಯಾವಾಗೋ ಒಂದಿನ ಸೆನ್ಸರ್ ಕೈ ಕೊಡತೈತಿ. ಆಗ ಯಾರೂ ತೊಳದಿದ್ದಕ್ಕ ಹಿಂಗಾತು ಅನ್ನಂಗಿಲ್ಲ, ಪಾರ್ಟ್ ಹೋಗೈತಿ ಬದಲಿ ಮಾಡ್ರಿ ಅಂತ ಬಿಲ್ ಹರಿದು ಕೊಡ್ತಾರ. ಗ್ಯಾರೇಜಿನ್ಯಾಗ ಇದನ್ನ ಭಾಳ ನೋಡೇನಿ. ಇನ್ನ ಚಾಲೂ ಇಂಜಿನ್ ಮ್ಯಾಲೆ ಅಂತೂ ಬ್ಯಾಡ, ಫ್ಯಾನು ಬೆಲ್ಟು ತಿರಗತಿರತಾವು, ಕಾದ ಸೈಲೆನ್ಸರ್ ಮ್ಯಾನಿಫೋಲ್ಡ್ (ಇಂಜಿನ್ನಿಂದ ಹೊಗಿ ಹೊರಗ ಒಯ್ಯೋ ಪೈಪಿನ ಬುಡ) ಮ್ಯಾಲೆ ತಣ್ಣೀರು ಬಿತ್ತಂದ್ರ ಎರಕದ ಕಬ್ಬಿಣ ಸೀಳಬಹುದು.

ಶಿರಸಿಯವರ, ನಿಮ್ಮ ಅಪ್ಪಾರು ಹೇಳಿದ್ದೂ ಪೂರ್ತಿ ತಪ್ಪಲ್ಲ. ಹಳೇ ಗಾಡಿಯೊಳಗ ಎಲ್ಲಾ ಪ್ಲಗ್ಗಿಗೂ ಕರೆಂಟ್ ಹಂಚೋ ಡಿಸ್ಟ್ರಿಬ್ಯೂಟರ್ ಇರ್ತಿತ್ತು, ಅದರ ಕ್ಯಾಪಿನ್ಯಾಗ ಸ್ವಲ್ಪ ಪಸೆ ಹೊಕ್ಕರೂ ಗಾಡಿ ನಿಂತ್ ಬಿಡ್ತಿತ್ತು. ನಿಮ್ಮ ಸ್ವಿಫ್ಟ್‌ಗೆ ಅದಿಲ್ಲ, ಪ್ಲಗ್ ಮ್ಯಾಲೆನ ಕಿಡಿಗೆ ಕರೆಂಟ್ ಕೊಡೋ ಒಂದೊಂದು ಕಾಯಿಲ್ ಕುಂತಿರತೈತಿ. ಆದ್ರ ಆ ಕಾಯಿಲ್ ಇರೋ ಗುಂಡಿಯೊಳಗ ನೀರು ನಿಂತ್ರ ಮಿಸ್‌ಫೈರ್ (ಕಿಡಿ ತಪ್ಪಿ ಪೆಟ್ರೋಲ್ ಸುಡದ ಇಂಜಿನ್ ನಡಗೋದು) ಗ್ಯಾರಂಟಿ. ಅದಕ್ಕ ನನ್ನ ಲೆಕ್ಕ ಏನಂದ್ರ ಇಂಜಿನ್ನ ತೊಳೀಬ್ಯಾಡ್ರಿ, ಒರಸ್ರಿ. ನೀರು ಬೇಕು, ಅದು ಅರಿವಿ ತೋಯಿಸಾಕ ಮತ್ತ ಹೂವಿನ ಗಿಡಕ್ಕ ಹೊಡಿಯೋ ಕೈ ಸ್ಪ್ರೇ ಬಾಟ್ಲಿಗೆ ಅಷ್ಟ.

ಮೊದಲ ಗಾಡಿ ನೆರಳಾಗ ನಿಲ್ಲಸ್ರಿ, ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಹಿಡದ್ರ ಇನ್ನೂ ಚಲೋ. ಕೈ ಇಟ್ರ ಉಗುರುಬೆಚ್ಚಗೂ ಇರಬಾರದು. 10 ನಂಬರ್ ಸ್ಪ್ಯಾನರ್ ತಗೊಂಡು ಬ್ಯಾಟರಿ ಮೈನಸ್ ಬಿಚ್ಚರಿ, ಕರೇ ವೈರಿನದು. ಪ್ಲಸ್ ಮೊದಲ ಬಿಚ್ಚಬ್ಯಾಡ್ರಿ, ಬಿಚ್ಚೋವಾಗ ಸ್ಪ್ಯಾನರ್ ಬಾಡಿಗೆ ತಾಗಿತಂದ್ರ ಡೈರೆಕ್ಟ್ ಶಾರ್ಟು, ಕಿಡಿ ಹಾರತೈತಿ. ವಾಪಸ್ ಹಾಕೋವಾಗ ಮೈನಸ್ ಕಡೀಗೆ. ಗಡಿಯಾರ ರೀಸೆಟ್ ಆಗತೈತಿ, ಒಂದೀಟು ಹೊತ್ತು ಐಡ್ಲಿಂಗ್ (ಗಾಡಿ ನಿಂತಾಗ ಇಂಜಿನ್ ಓಡೋ ವೇಗ) ಹೆಚ್ಚುಕಮ್ಮಿ ಅನ್ನಿಸಬಹುದು, ಆಮ್ಯಾಲೆ ತಾನ ಸರಿ ಹೋಗತೈತಿ. ಬ್ಯಾಟರಿ ಬಿಚ್ಚಿದ್ರ ಇನ್ನೊಂದು ಲಾಭ, ರೇಡಿಯೇಟರ್ ಫ್ಯಾನ್ ಅಚಾನಕ್ ತಿರಗಂಗಿಲ್ಲ, ಕೈ ಒಳಗ ಇರತೈತಲ್ಲ.

ಒಣಾ ಕೆಲಸ ಮೊದಲ. ಎಲಿ, ಕಸ, ಮಣ್ಣಿನ ಹೆಂಟಿ ಎಲ್ಲಾ ಕೈಲೆ ಪೇಂಟ್ ಬ್ರಷ್‌ಲೆ ತಗೀರಿ, ನೀರು ಬಿದ್ದ ಮ್ಯಾಲೆ ಅದ ಮಣ್ಣು ರಾಡಿಯಾಗಿ ಸಂದಿಯೊಳಗ ಇಳೀತೈತಿ. ಆಮ್ಯಾಲೆ ಆಲ್ಟರ್ನೇಟರು (ಬ್ಯಾಟರಿ ಚಾರ್ಜ್ ಮಾಡೋದು), ಫ್ಯೂಸ್ ಬಾಕ್ಸು, ಇಸಿಯು (ಇಂಜಿನ್ ನಡಸೋ ಕಂಪ್ಯೂಟರ್ ಪೆಟ್ಟಿಗಿ), ಏರ್ ಫಿಲ್ಟರ್ ಗಾಳಿ ಎಳೆಯೋ ಬಾಯಿ, ಕಾಯಿಲ್ ಕನೆಕ್ಟರು ಇವಕ್ಕ ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಬ್ಯಾಂಡ್ ಹಾಕ್ರಿ. ಆಯಿಲ್ ಮುಚ್ಚಳ, ಡಿಪ್‌ಸ್ಟಿಕ್ ಗಟ್ಟಿ ಕುಂತಾವಿಲ್ಲೋ ನೋಡ್ರಿ. ಆಲ್ಟರ್ನೇಟರ್‌ಗೆ ನೀರಿಗಿಂತ ಕ್ಲೀನರ್ ಹೆಚ್ಚು ಕೆಟ್ಟದ್ದು, ಬೇರಿಂಗಿನ ಗ್ರೀಸ್ ಕರಗಿಸಿ ಬಿಡತೈತಿ.

ಜಿಡ್ಡಿಗೆ ಆಲ್ ಪರ್ಪಸ್ ಕ್ಲೀನರ್ ಸಿಗತೈತಿ, ಒಂದು ಪಾಲಿಗೆ ಹತ್ತು ಪಾಲು ನೀರು ಹಾಕಿ ಅರಿವಿಗೆ ಹೊಡಕೊಂಡು ತಿಕ್ಕರಿ, ಸಂದಿಗೆ ಹಳೇ ಹಲ್ಲುಜ್ಜೋ ಬ್ರಷ್. ಒಂದೊಂದ ಜಾಗಾ ಹಿಡೀರಿ, ಅಲ್ಲೇ ಒಣಗಾಕ ಬಿಡಬ್ಯಾಡ್ರಿ, ಹಸೀ ಅರಿವಿಲೆ ಎರಡು ಸಲ ಒರಸ್ರಿ. ಬಾತ್‌ರೂಮ್ ಆಸಿಡ್, ಕಾಸ್ಟಿಕ್ ಇರೋ ಖಡಕ್ ಕ್ಲೀನರ್ ಹಾಕಿದ್ರ ಅಲ್ಯುಮಿನಿಯಂ ಬೆಳ್ಳಗ ಕಲೆಗಟ್ಟತೈತಿ, ಅದು ಮತ್ತ ಹೋಗಂಗಿಲ್ಲ. ಬಾನೆಟ್ ಕೆಳಗ ಇರೋ ಕರೇ ಮ್ಯಾಟ್ ತೋಯಿಸಬ್ಯಾಡ್ರಿ, ನೀರು ಕುಡದು ಜೋತ ಬೀಳತೈತಿ.

ಡೀಸೆಲ್ ಸ್ಪ್ರೇ ಬಗ್ಗೆ ಒಂದ ಮಾತು: ಬ್ಯಾಡ. ಮಿಂಚೋದು ಎರಡು ದಿನ, ಆಮ್ಯಾಲೆ ಧೂಳು ಮೊದಲಿಗಿಂತ ಜಾಸ್ತಿ ಅಂಟತೈತಿ, ರಬ್ಬರ್ ಪೈಪು ಉಬ್ಬತಾವು, ಮ್ಯಾಲಿಂದ ಬಿಸಿ ಮ್ಯಾನಿಫೋಲ್ಡ್ ಐತಿ, ಬೆಂಕಿ ಹತ್ತಬಹುದು. ಸೀಮಿಎಣ್ಣಿ ಪೆಟ್ರೋಲು ಎಲ್ಲಾ ಅದ ಕತಿ.

ಕುಡ್ಲ_ಕಾರ್ನರ್:
ಸ್ಪ್ಯಾನರ್ ಅವರು ಎಲ್ಲ ಹೇಳಿದ್ದಾರೆ, ನಂದು ಎರಡು ವಿಷಯ ಉಂಟು.

ಒಂದು ಇಲಿದು. ಮಾರಾಯ್ರೆ ಆ ಹಿಕ್ಕೆ ಇರುವಲ್ಲಿಗೆ ಬರಿಗೈ ಹಾಕ್ಬೇಡಿ, ಬ್ಲೋವರ್ ಹಿಡಿದು ಊದಲೂ ಬೇಡಿ. ನಮ್ಮ ಕರಾವಳಿಯಲ್ಲಿ, ನಿಮ್ಮ ಘಟ್ಟದ ಮೇಲೂ, ಮಳೆಗಾಲದಲ್ಲಿ ಇಲಿ ಜ್ವರ ಬರ್ತದೆ ಅಲ್ವಾ, ಅದು ಇಲಿಯ ಮೂತ್ರದಿಂದಲೇ ಹರಡುವುದು, ಕೈಯಲ್ಲಿ ಸಣ್ಣ ತರಚು ಗಾಯ ಇದ್ರೆ ಸಾಕು ಒಳಗೆ ಹೋಗ್ಲಿಕ್ಕೆ. ರಬ್ಬರ್ ಗ್ಲೌಸ್ ಹಾಕಿ, ಮೂಗಿಗೆ ಮಾಸ್ಕ್ ಕಟ್ಟಿ, ಡೆಟ್ಟಾಲ್ ನೀರು ಚಿಮುಕಿಸಿ ಸ್ವಲ್ಪ ಹೊತ್ತು ನೆನೆಯಲಿಕ್ಕೆ ಬಿಟ್ಟು ಪೇಪರಲ್ಲಿ ಎತ್ತಿ ಚೀಲಕ್ಕೆ ಹಾಕಿ ಕಟ್ಟಿ ಬಿಸಾಡಿ. ಆ ನಾರಿನ ಗೂಡು ಎಲ್ಲಿ ಉಂಟು ಸರಿಯಾಗಿ ನೋಡಿ, ಸೈಲೆನ್ಸರ್ ಪೈಪಿನ ಹತ್ರ ಇದ್ರೆ ಬೆಂಕಿ ಹಿಡಿಯುವ ವಸ್ತು ಅದು. ಹಾಗೇ ವೈರಿನ ಮೇಲಿನ ಕಪ್ಪು ಕವಚ ಎಲ್ಲಾದರೂ ಕಚ್ಚಿದೆಯಾ ಅಂತ ಟಾರ್ಚ್ ಬಿಟ್ಟು ನೋಡ್ಕೊಳ್ಳಿ, ತಾಮ್ರ ಕಾಣ್ತಾ ಇದ್ರೆ ಅಲ್ಲಿಗೆ ಒಂದು ಹನಿ ನೀರೂ ಬೇಡ, ಮೊದಲು ಎಲೆಕ್ಟ್ರಿಷಿಯನ್ ಹತ್ರ ಹೋಗಿ. ಡ್ಯಾಶ್‌ಬೋರ್ಡ್ ಒಳಗಿನ ಎಸಿ ಫಿಲ್ಟರ್ ಕೂಡ ತೆಗೆದು ನೋಡಿ, ಅಲ್ಲಿಗೂ ಹೋಗ್ತವೆ ಅವು.

ಎರಡನೇದು ಆ ವೈಪರ್ ಕೆಳಗಿನ ಗೊಬ್ಬರ. ಜನ ಇಂಜಿನ್ ಮಿಂಚಿಸ್ತಾರೆ, ಇದನ್ನು ಬಿಡ್ತಾರೆ, ನಿಜಕ್ಕಾದ್ರೆ ಮಲೆನಾಡಿನ ಗಾಡಿಗೆ ಇದೇ ಮುಖ್ಯ. ಗ್ಲಾಸ್ ಮೇಲಿನ ನೀರೆಲ್ಲ ಬಂದು ಬೀಳುವ ತೊಟ್ಟಿ ಅದು, ಎರಡೂ ಬದಿ ನೀರು ಹೋಗುವ ತೂತು ಇರ್ತದೆ. ಎಲೆ ತುಂಬಿ ಅದು ಕಟ್ಟಿದ್ರೆ ನೀರು ಎಸಿ ಗಾಳಿ ಒಳಗೆ ಬರುವ ದಾರಿಯಲ್ಲಿ ಕಾರಿನ ಒಳಗೇ ಇಳಿಯುವುದು. ಮಳೆಗಾಲದಲ್ಲಿ ಎಡಗಡೆ ಕಾಲಿನ ಮ್ಯಾಟ್ ಒದ್ದೆ ಇತ್ತಾ ನಿಮ್ಮದು? ವಾಸನೆ? ಇದ್ರೆ ಕಾರಣ ಇದೇ ಇರಬಹುದು. ಕೈಯಲ್ಲಿ ಎಲೆ ತೆಗೆದು ಒಂದು ಚೊಂಬು ನೀರು ನಿಧಾನ ಹೊಯ್ಯಿರಿ, ಚಕ್ರದ ಹಿಂದೆ ಕೆಳಗೆ ಬೀಳ್ಬೇಕು. ಬೀಳದಿದ್ರೆ ಹಳೇ ಕೇಬಲ್ ಟೈ ಅಥವಾ ಮೆತ್ತಗಿನ ವಯರ್ ತೂರಿಸಿ ಆಡಿಸಿ.

ಬ್ಯಾಟರಿ ಪುಡಿ ಆಸಿಡಿಂದ ಆಗೋದು, ಕಣ್ಣಿಗೆ ಹಾರದ ಹಾಗೆ ನೋಡ್ಕೊಳ್ಳಿ. ಎರಡೂ ಕ್ಲ್ಯಾಂಪ್ ಬಿಚ್ಚಿ, ಬಿಸಿ ನೀರಿಗೆ ಅಡುಗೆ ಸೋಡ ಕಲಸಿ ಬ್ರಷ್ ಮಾಡಿದ್ರೆ ಬುಸ್ಸಂತ ನೊರೆ ಬಂದು ಹೋಗ್ತದೆ. ಬ್ಯಾಟರಿಗೆ ಮುಚ್ಚಳ ಇರುವ ಟೈಪ್ ಆದ್ರೆ ಸೋಡ ಒಳಗೆ ಹೋಗ್ಬಾರದು. ಒರೆಸಿ ಒಣಗಿಸಿ ಬಿಗಿ ಮಾಡಿ ಮೇಲಿಂದ ವ್ಯಾಸಲೀನ್ ಹಚ್ಚಿ.

ಶಿರಸಿ_ಸ್ವಿಫ್ಟ್:
ಅಬ್ಬಾ ಎಲ್ರಿಗೂ ಥ್ಯಾಂಕ್ಸ್. ಮ್ಯಾಟ್ ಒದ್ದೆ ಇದ್ದಿದ್ದು ಹೌದು, ನಾವು ಚಪ್ಪಲಿ ನೀರು ಅಂದ್ಕೊಂಡಿದ್ವಿ! ಆ ತೂತಿನ ಕೆಲ್ಸ ಮೊದ್ಲು ಮಾಡ್ತೇನೆ. ಆಯಿಲ್ ಜಿಡ್ಡಿನ ಬಗ್ಗೆ ಕೇಳೋದಿತ್ತು, ಅದು ಇಂಜಿನ್ ಮೇಲಿನ ಕವರ್ ಸೇರೋ ಅಂಚಲ್ಲಿ ಶುರು ಆಗಿ ಕೆಳಗೆ ಇಳಿದಿದೆ. ಒರೆಸಿಬಿಟ್ರೆ ಸಾಕಾ? ಮತ್ತೆ ಮಿಂಚೋಕೆ ಡ್ರೆಸ್ಸಿಂಗ್ ಸ್ಪ್ರೇ ಅಂತ ಬರ್ತದಲ್ಲ ಅದು ಹಾಕ್ಬಹುದಾ?

ಸ್ಪ್ಯಾನರ್_ಹುಬ್ಬಳ್ಳಿ:
ಅದು ಟ್ಯಾಪೆಟ್ ಕವರ್ ಗ್ಯಾಸ್ಕೆಟ್ (ಇಂಜಿನ್ ಮ್ಯಾಲಿನ ಕವರ್ ಕೆಳಗಿನ ರಬ್ಬರ್ ಸೀಲು) ಇರಬೇಕು, ರಬ್ಬರ್ ಬಿರುಸಾಗಿ ಆಯಿಲ್ ಜಿನಗತೈತಿ, ಇಷ್ಟು ವರ್ಷದ ಗಾಡಿಗೆ ಸಹಜ. ಒರಸಾಕ ಮೊದಲ ಮೊಬೈಲ್ ತಗೊಂಡು ಎಲ್ಲಾ ಕಡೆಯಿಂದ ಫೋಟೋ ಹೊಡಕೋರಿ. ಆಮ್ಯಾಲೆ ಆ ಅಂಚು ಪೂರಾ ಒಣಾ ಆಗೋವಂಗ ಒರಸಿ, ವಾರ ಓಡಿಸಿ, ಮತ್ತ ಟಾರ್ಚ್ ಹಿಡಿದು ನೋಡ್ರಿ. ಹೊಸಾ ಪಸೆ ಎಲ್ಲಿಂದ ಶುರು ಆಗೇತಿ ಅನ್ನೋದು ಆಗ ಸ್ವಚ್ಛ ಕಾಣತೈತಿ. ವಾಟರ್ ಸರ್ವಿಸ್‌ನವರು ಎಲ್ಲಾ ಒಮ್ಮೆಲೆ ತೊಳದು ಡೀಸೆಲ್ ಹೊಡದ್ರ ಯಾವುದು ಲೀಕು ಯಾವುದು ಸ್ಪ್ರೇ ಅಂತ ದೇವರಿಗೂ ತಿಳಿಯಂಗಿಲ್ಲ. ಸೆಕೆಂಡ್ ಹ್ಯಾಂಡ್ ಗಾಡಿ ಮಾರಾವರು ಬಾನೆಟ್ ಒಳಗ ಥಳಥಳ ಮಾಡಿ ಇಡೋದೂ ಇದಕ್ಕ, ಅದಕ್ಕ ನಾ ಯಾವಾಗ್ಲೂ ಧೂಳು ಹಿಡದ ಇಂಜಿನ್ ಇರೋ ಗಾಡಿ ನಂಬತೇನಿ. ಗ್ಯಾಸ್ಕೆಟ್ ದೊಡ್ಡ ಖರ್ಚಿಲ್ಲ, ಆದ್ರ ಆಯಿಲ್ ಕಾಯಿಲ್ ಗುಂಡಿಗೆ ಇಳದಿದ್ರ ಲಗೂನ ಮಾಡಸ್ರಿ.

ಡ್ರೆಸ್ಸಿಂಗ್ ನನಗೇನು ಸೇರಂಗಿಲ್ಲ. ಹಾಕೋದ ಆದ್ರ ವಾಟರ್ ಬೇಸ್ ಇರೋದು, ಅದೂ ಅರಿವಿಗೆ ಹಾಕ್ಕೊಂಡು ಪ್ಲಾಸ್ಟಿಕ್ ಭಾಗಕ್ಕ ಅಷ್ಟ. ಸ್ಪ್ರೇ ಹಾರಿ ಬೆಲ್ಟಿಗೆ ಬಿತ್ತಂದ್ರ ಬೆಲ್ಟು ಜಾರಿ ಕಿರ್ರ್ ಅನ್ನತೈತಿ.

ಎಲ್ಲಾ ಮುಗದ ಮ್ಯಾಲೆ ಚೀಲ ಬಿಚ್ಚಿ ಬಾನೆಟ್ ತೆರೆದು ಬಿಸಲಾಗ ತಾಸೆರಡು ತಾಸು ಬಿಡ್ರಿ. ಕನೆಕ್ಟರ್ ಮ್ಯಾಲೆ ಪಸೆ ಕಂಡ್ರ ಬ್ಲೋವರ್‌ಲೆ ಊದ್ರಿ. ಬ್ಯಾಟರಿ ಹಾಕಿ ಚಾಲೂ ಮಾಡಿ ಹತ್ತು ನಿಮಿಷ ಹಂಗ ಬಿಡ್ರಿ. ಇಂಜಿನ್ ನಡುಗಿ ಚೆಕ್ ಲೈಟ್ ಮಿಣಕ್ ಮಿಣಕ್ ಅಂದ್ರ ತಕ್ಷಣ ಬಂದ್ ಮಾಡ್ರಿ, ಅದು ಮಿಸ್‌ಫೈರ್, ಹಂಗ ಓಡಸಿದ್ರ ಸುಡದ ಪೆಟ್ರೋಲ್ ಹೋಗಿ ಹೊಗಿ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಸುಡತೈತಿ. ಕಾಯಿಲ್ ಎತ್ತಿ ಗುಂಡಿ ಒಣಗಿಸಿ ಮತ್ತ ಹಾಕ್ರಿ.

ಟರ್ಬೋ_ತಿಮ್ಮ:
ಸರಿ ಗುರುಗಳೇ ಒಪ್ಕೊಂಡೆ, ಆದ್ರೂ ರೇಡಿಯೇಟರ್ ಮುಂದೆ ಹುಳ ಎಲ್ಲಾ ಅಂಟಿರುತ್ತಲ್ಲ ಅದನ್ನ ಬಟ್ಟೇಲಿ ಒರೆಸೋಕಾಗುತ್ತಾ? ಅಲ್ಲಿ ಪೈಪ್ ಬೇಕೇ ಬೇಕು.

ಸ್ಪ್ಯಾನರ್_ಹುಬ್ಬಳ್ಳಿ:
ಅಲ್ಲಿ ಪೈಪ್ ಹಿಡೀರಿ ಯಾರ ಬ್ಯಾಡ ಅಂದ್ರು. ಸಾದಾ ನಳದ ನೀರು, ನೇರ ಹಿಡೀಬೇಕು. ಓರೆ ಹಿಡಿದು ಪ್ರೆಶರ್ ಕೊಟ್ರ ಆ ತೆಳ್ಳಗಿನ ಫಿನ್ ಮಡಚತಾವು, ಗಾಳಿ ಹೋಗೋ ದಾರಿನ ಬಂದ್.

ಮೈಸೂರ್_ಹೈಬ್ರಿಡ್:
ನಡುವೆ ಬರ್ತಿದೀನಿ ಕ್ಷಮಿಸಿ, ನಮ್ದು ಹೈಬ್ರಿಡ್ ಗಾಡಿ, ಇದೇ ಥರ ಮಾಡ್ಬಹುದಾ? ಬಾನೆಟ್ ಒಳಗೆ ದಪ್ಪ ಕಿತ್ತಳೆ ಬಣ್ಣದ ವೈರ್ ಇವೆ.

ಕುಡ್ಲ_ಕಾರ್ನರ್:
ಆ ಕಿತ್ತಳೆ ವೈರ್ ಹೈ ವೋಲ್ಟೇಜ್, ನೂರಾರು ವೋಲ್ಟ್ ಇರ್ತದೆ, 12 ವೋಲ್ಟಿನ ಸಣ್ಣ ಬ್ಯಾಟರಿ ಬಿಚ್ಚಿದ ಕೂಡಲೇ ಅದು ಸೇಫ್ ಅಂತ ಲೆಕ್ಕ ಹಾಕ್ಲಿಕ್ಕಿಲ್ಲ. ಮೇಲಿನ ಪ್ಲಾಸ್ಟಿಕ್ ಭಾಗದ ಧೂಳು ಒಣ ಬಟ್ಟೆಯಲ್ಲಿ ಒರೆಸಿ, ಅಷ್ಟೇ ಸಾಕು. ಆ ವೈರು, ಅದರ ಪೆಟ್ಟಿಗೆ ಹತ್ರ ನೀರು ಕ್ಲೀನರ್ ಎಂತದೂ ಬೇಡ, ಹೆಚ್ಚು ಕೊಳೆ ಇದ್ರೆ ಸರ್ವಿಸ್ ಸೆಂಟರಲ್ಲೇ ಹೇಳಿ ಮಾಡಿಸಿ. ಪೂರ್ತಿ ಎಲೆಕ್ಟ್ರಿಕ್ ಗಾಡಿಯವರಿಗೂ ಇದೇ.

ಶಿರಸಿ_ಸ್ವಿಫ್ಟ್:
ಭಾನುವಾರ ಬೆಳಿಗ್ಗೆ ಕೂತು ಮಾಡಿದೆ. ಎಡಗಡೆ ತೂತು ಪೂರ್ತಿ ಕಟ್ಟಿತ್ತು, ವಯರ್ ಹಾಕಿ ಆಡಿಸಿದ ಕೂಡ್ಲೇ ಕಪ್ಪು ರಾಡಿ ನೀರು ಗಳಗಳ ಅಂತ ಇಳೀತು. ಇಲಿ ಗೂಡು ಬ್ಯಾಟರಿ ಟ್ರೇ ಹಿಂದೆ ಇತ್ತು, ವೈರ್ ಒಂದೂ ಕಚ್ಚಿಲ್ಲ ಪುಣ್ಯಕ್ಕೆ, ವಾಷರ್ ನೀರಿನ ಸಣ್ಣ ಪೈಪ್ ಮಾತ್ರ ಕೊರೆದಿದೆ. ಗಾಡಿ ಚಾಲೂ ಮಾಡಿದ್ರೆ ಸ್ವಲ್ಪ ಹೊತ್ತು ಬೆಲ್ಟ್ ಕಿರ್ರ್ ಅಂತು ಆಮೇಲೆ ನಿಂತೋಯ್ತು. ಈಗ ಆಯಿಲ್ ಎಲ್ಲಿಂದ ಬರ್ತದೆ ನೋಡ್ಬೇಕು, ಫೋಟೋ ಮುಂದಿನ ವಾರ ಹಾಕ್ತೇನೆ. ಇಲಿ ಮತ್ತೆ ಬರದಂಗೆ ಹೊಗೆಸೊಪ್ಪು ಕಟ್ಟಿಡಿ ಅಂತಾರೆ ಊರಲ್ಲಿ, ಕೆಲಸ ಮಾಡ್ತದಾ?

ಕುಡ್ಲ_ಕಾರ್ನರ್:
ವಾಸನೆ ಇರುವವರೆಗೆ ಸ್ವಲ್ಪ ದಿನ ಮಾಡ್ತದೆ ಅಂತಾರೆ, ಇಡುವುದಾದ್ರೆ ಬೆಲ್ಟ್, ಫ್ಯಾನ್, ಸೈಲೆನ್ಸರ್ ಇವುಗಳಿಂದ ದೂರ ಕಟ್ಟಿ. ಆದ್ರೆ ಪಕ್ಕದಲ್ಲೇ ಅಡಿಕೆ ರಾಶಿ, ಚೀಲ ಎಲ್ಲ ಇರುವಾಗ ಇಲಿ ಎಲ್ಲಿಗೆ ಹೋಗ್ತದೆ ಹೇಳಿ. ಕಾರನ್ನೇ ಶೆಡ್ಡಿನ ಆ ಕಡೆ ಗೋಡೆಗೆ ನಿಲ್ಲಿಸಿ, ರಾತ್ರಿ ಬಾನೆಟ್ ಸ್ವಲ್ಪ ಎತ್ತಿಡಿ, ಬೆಳಕು ಗಾಳಿ ಇದ್ದಲ್ಲಿ ಅವು ಗೂಡು ಕಟ್ಟುವುದು ಕಮ್ಮಿ. ಬಾನೆಟ್ ಲೈಟ್ ಇರುವ ಗಾಡಿ ಆದ್ರೆ ಬ್ಯಾಟರಿ ಇಳೀತದೆ, ನಿಮ್ಮದಕ್ಕೆ ಇದೆಯಾ ನೋಡ್ಕೊಳ್ಳಿ. ಮತ್ತೆ ಆ ವಾಷರ್ ಪೈಪ್ ಯಾವ ಸ್ಪೇರ್ಸ್ ಅಂಗಡಿಯಲ್ಲೂ ಮೀಟರ್ ಲೆಕ್ಕದಲ್ಲಿ ಸಿಗ್ತದೆ, ಹಳೇ ತುಂಡು ತಗೊಂಡು ಹೋಗಿ.