ಸಿ4ಡಿ ಪಾಸಿಟಿವ್, ಆದರೂ ಕಿಡ್ನಿ ಚೆನ್ನಾಗಿದೆ: ಹೇಗೆ?

ಹೇಮಾವತಿ_ಲ್ಯಾಬ್ (ಹಾಸನ):
ರಕ್ತದ ಗುಂಪು ಹೊಂದದ ದಾನಿಯ ಕಿಡ್ನಿ. ಕಸಿಯಾದ ಮೇಲಿನ ಬಯಾಪ್ಸಿಯಲ್ಲಿ ಸಿ4ಡಿ (ಕಾಂಪ್ಲಿಮೆಂಟ್ ಎಂಬ ರಕ್ಷಣಾ ಪ್ರೋಟೀನ್ ಸರಣಿಯ ಒಂದು ಚೂರು) ಪಾಸಿಟಿವ್, ಕ್ರಿಯಾಟಿನಿನ್ (ಕಿಡ್ನಿ ಕೆಲಸದ ಅಳತೆ) ಏರಿಲ್ಲ, ರಕ್ತದಲ್ಲಿ ಅದೇ ಸರಣಿಯ ಸಿ3, ಸಿ4 ನಾರ್ಮಲ್. ಕಾಂಪ್ಲಿಮೆಂಟ್ ಎದ್ದಿದೆ ಅಂದ್ರೆ ರಿಜೆಕ್ಷನ್ (ದೇಹ ಕಸಿಯನ್ನು ತಿರಸ್ಕರಿಸೋದು) ಶುರುವಾದಂತೆ ಅಲ್ವಾ? ಹಾಗೇ, ಬೆಂಗಳೂರಿಗೆ ಕ್ರಾಸ್‌ಮ್ಯಾಚ್ (ದಾನಿಯ ಕಣಕ್ಕೆ ರೋಗಿಯ ಆಂಟಿಬಾಡಿ ಅಂಟುತ್ತಾ ನೋಡುವ ಪರೀಕ್ಷೆ) ಸ್ಯಾಂಪಲ್ ಕಳಿಸುವಾಗ ಐಸ್ ಇಡಬೇಕಾ?

ಮಲ್ನಾಡ್_ಪ್ಯಾಥ್ (ಚಿಕ್ಕಮಗಳೂರು):
ಹಾಗೇನಿಲ್ಲ ಸಾರ್. ಆಂಟಿಬಾಡಿ ರಕ್ತನಾಳದ ಒಳಪದರಕ್ಕೆ ಅಂಟಿದಾಗ ಸಿ4 ಸೀಳಿ ಸಿ4ಬಿ ಆಗಿ, ಅಲ್ಲೇ ಬಿಡದಂತೆ ಕಚ್ಚಿಕೊಳ್ಳುತ್ತೆ. ಅದನ್ನು ಫ್ಯಾಕ್ಟರ್ ಐ ಎಂಬ ಕಿಣ್ವ ಕತ್ತರಿಸಿದ ಮೇಲೆ ಉಳಿಯುವ ಚೂರೇ ಸಿ4ಡಿ. ಆಂಟಿಬಾಡಿ ಬಂದ ಗುರುತೂ ಅದೇ, ಬ್ರೇಕ್ ಬಿದ್ದ ಗುರುತೂ ಅದೇ. ಈ ಕತ್ತರಿಗೆ ಕಣದ ಮೇಲಿನ ಸಿಡಿ46 ಪ್ರೋಟೀನ್ ನೆರವು. ಸಿಡಿ55, ಸರಣಿಯನ್ನು ಮುಂದೆ ಒಯ್ಯುವ ಕನ್ವರ್ಟೇಸ್ ಕಿಣ್ವವನ್ನು ಬಿಡಿಸುತ್ತೆ. ಅದೂ ತಪ್ಪಿದರೆ ಪೊರೆ ತೂತಾಗದಂತೆ ತಡೆಯೋಕೆ ಸಿಡಿ59 ಇದೆ. ಗುಂಪು ಹೊಂದದ ಕಸಿಯಲ್ಲಿ ಬರೀ ಸಿ4ಡಿ ಕಾಣೋದು ಮಾಮೂಲು, ಆಂಟಿಬಾಡಿ ಇದ್ದರೂ ಕಸಿ ಹೀಗೆ ಒಗ್ಗಿಕೊಳ್ಳೋದನ್ನು ಅಕಾಮಡೇಶನ್ ಅಂತಾರೆ. ಪೆರಿಟ್ಯೂಬುಲರ್ ಕ್ಯಾಪಿಲರಿ (ಕಿಡ್ನಿಯ ನಳಿಕೆ ಸುತ್ತಲಿನ ಸಣ್ಣ ರಕ್ತನಾಳ), ಗ್ಲೊಮೆರುಲಸ್‌ (ರಕ್ತ ಸೋಸುವ ಗೊಂಚಲು) ಗಳಲ್ಲಿ ಬಿಳಿರಕ್ತಕಣ ತುಂಬಿವೆಯಾ ನೋಡಿ. ದಾನಿಯ ಎಚ್‌ಎಲ್‌ಎ (ಕಣದ ಮೇಲಿನ ಗುರುತಿನ ಪ್ರೋಟೀನ್) ವಿರುದ್ಧ ಆಂಟಿಬಾಡಿ ಇದ್ದು ಸಿ4ಡಿ ಬಂದಿದ್ದರೆ ಲೆಕ್ಕವೇ ಬೇರೆ, ಅದನ್ನು ಹಗುರವಾಗಿ ತಗೋಬೇಡಿ.
ಸಿ4ಡಿ ನೋಡಿದ್ದು ಯಾವ ವಿಧಾನದಲ್ಲಿ ಅಂತಲೂ ಕೇಳಿ. ಫ್ರೋಜನ್ ಸೆಕ್ಷನ್ (ಹೆಪ್ಪುಗಟ್ಟಿಸಿದ ತುಂಡು) ಇಮ್ಯುನೋಫ್ಲೋರೆಸೆನ್ಸ್ (ಹೊಳೆಯುವ ಬಣ್ಣ) ಆದರೆ ಕನಿಷ್ಠ 10% ಕ್ಯಾಪಿಲರಿ ಹೊಳೆಯಬೇಕು. ಪ್ಯಾರಾಫಿನ್ ಮೇಣದಲ್ಲಿ ಕೂರಿಸಿದ ತುಂಡಿನಲ್ಲಿ ಅದಕ್ಕಿಂತ ಕಡಿಮೆ ಇದ್ದರೂ ಪಾಸಿಟಿವ್.

ಟಿ_ಕಣ:
ರಕ್ತದ ಸಿ3 ನಾರ್ಮಲ್ ಅಂತ ನಿಶ್ಚಿಂತೆ ಬೇಡ. ಅದು ಬಹುಪಾಲು ಲಿವರ್‌ನದು. ಕಸಿಯಾದ ಕಿಡ್ನಿ ತನ್ನ ಸಿ3 ತಾನೇ ಮಾಡುತ್ತೆ. 2002ರ ಇಲಿ ಪ್ರಯೋಗದಲ್ಲಿ, ಸಿ3 ಇಲ್ಲದ ದಾನಿಯ ಕಿಡ್ನಿ 100 ದಿನ ದಾಟಿತು, ಸಿ3 ಇದ್ದದ್ದು 14 ದಿನಕ್ಕೇ ಹೋಯಿತು. ಪಡೆದ ಇಲಿಯ ರಕ್ತದಲ್ಲಿ ಸಿ3 ಎರಡೂ ಕಡೆ ಇತ್ತು! ಸಿ3, ಸಿ5 ಸೀಳಿದಾಗ ಬರುವ ಸಿ3ಎ, ಸಿ5ಎ ಸಂಕೇತಗಳು ಟಿ ಕಣಗಳನ್ನು (ಒಂದು ಬಗೆಯ ಬಿಳಿರಕ್ತಕಣ) ದಾಳಿಗೆ ಎಬ್ಬಿಸುತ್ತವೆ. ಆ ಸಂಕೇತಗಳು ನಿಂತರೆ ದಾಳಿ ತಡೆಯುವ ರೆಗ್ಯುಲೇಟರಿ ಟಿ ಕಣಗಳಿಗೆ ಬಲ. ಸಹಿಷ್ಣುತೆಯ ಬೇರು ಇಲ್ಲಿದೆ. ಎಕುಲಿಜುಮಾಬ್ ಎಂಬ ಔಷಧಿ ತಡೆಯೋದು ಸರಣಿಯಲ್ಲಿ ಸಿ4 ನಂತರ ಬರುವ ಸಿ5 ಮಾತ್ರ, ಹಾಗಾಗಿ ಔಷಧಿ ನಡೆಯುವಾಗಲೂ ಸಿ4ಡಿ ಉಳಿದೇ ಇರಬಹುದು.

ಮಲ್ನಾಡ್_ಪ್ಯಾಥ್:
ಐಸ್ ಬಗ್ಗೆ: ದಾನಿಯ ರಕ್ತಕ್ಕೆ ಬೇಡವೇ ಬೇಡ. ಹೆಪಾರಿನ್ ಟ್ಯೂಬ್, ಕೋಣೆಯ ತಾಪಮಾನ. ಲಿಂಫೋಸೈಟ್ (ಪರೀಕ್ಷೆಗೆ ಬೇಕಾದ ಬಿಳಿರಕ್ತಕಣ) ಜೀವಂತ ತಲುಪಬೇಕು. ಮೊದಲೇ ಸತ್ತಿದ್ದರೆ ಮೊಲದ ಕಾಂಪ್ಲಿಮೆಂಟ್ ಹಾಕುವ ಮುಂಚೆಯೇ ಕಣಗಳು ಸತ್ತದ್ದನ್ನು ತೋರಿಸುವ ಬಣ್ಣ ಹೀರಿ, ಸುಳ್ಳು ಪಾಸಿಟಿವ್. ಬಸ್ಸಿನ ಇಂಜಿನ್ ಪಕ್ಕ ಡಬ್ಬಿ ಇಟ್ಟರೂ ಇದೇ ಗತಿ. ರೋಗಿಯದು ಏನೂ ಬೆರೆಸದ ಸಾದಾ ಟ್ಯೂಬ್, ಸೀರಮ್. ಸಿ3ಎ, ಸಿ5ಎ ಅಳೆಯಬೇಕಾದರೆ ಮಾತ್ರ ಉಲ್ಟಾ: ಇಡಿಟಿಎ ಟ್ಯೂಬ್, ತಕ್ಷಣ ಐಸ್, ಹಾಸನದಲ್ಲೇ ಪ್ಲಾಸ್ಮಾ ಬೇರ್ಪಡಿಸಿ -70 ಡಿಗ್ರಿಗೆ ಹಾಕಿ. ಎರಡನ್ನೂ ಒಂದೇ ಡಬ್ಬಿಯಲ್ಲಿ ಕಳಿಸಬೇಡಿ.