ಡೆರ್ನಾ ಪ್ರವಾಹದ ಬಗ್ಗೆ ಕವನ ಬರೆಯುತ್ತಿದ್ದೇನೆ. ಗೊರೂರಿನಲ್ಲಿ ಕೂತು ಬರೆಯುವುದು ಸರೀನಾ?

ಹೊಳೆದಂಡೆ, ಗೊರೂರು

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿನ ಹೇಮಾವತಿ ಅಣೆಕಟ್ಟಿನಲ್ಲಿ ಗೇಜ್ ನೋಡುವ ಕೆಲಸ ಮಾಡಿ ರಿಟೈರ್ ಆದವನು. ಬೆಳಿಗ್ಗೆ ಎದ್ದು ನೀರಿನ ಮಟ್ಟ ನೋಡುವುದು, ಪುಸ್ತಕದಲ್ಲಿ ಬರೆಯುವುದು, ಒಳಹರಿವು ಹೊರಹರಿವು ಎಷ್ಟು ಅಂತ ಮೇಲಿನವರಿಗೆ ಫೋನ್ ಮಾಡಿ ಹೇಳುವುದು. ಇದೇ ನನ್ನ ಕೆಲಸ. ಕವನದ ಹುಚ್ಚು ಹೈಸ್ಕೂಲಿನಿಂದ ಇದೆ. ಮಳೆ, ಹೊಳೆ, ತಾಯಿ ಅಂತ ಬರೆದುಕೊಂಡಿದ್ದೆ.

2023ರ ಸೆಪ್ಟೆಂಬರ್‌ನಲ್ಲಿ ಲಿಬಿಯಾದ ಡೆರ್ನಾ ಅನ್ನೋ ಊರಲ್ಲಿ ಆದದ್ದು ನಿಮಗೆ ನೆನಪಿರಬಹುದು. ಡೇನಿಯಲ್ ಚಂಡಮಾರುತ ಬಂತು. ಊರಿನ ಮೇಲ್ಗಡೆ ಎರಡು ಅಣೆಕಟ್ಟು ಇದ್ದವು. 11ನೇ ತಾರೀಕು ಬೆಳಗಿನ ಜಾವ ದೊಡ್ಡದು ಒಡೆಯಿತು, ಅದರ ಹೆಸರು ಅಬು ಮನ್ಸೂರ್. ಆ ನೀರು ನುಗ್ಗಿ ಬಂದು ಕೆಳಗಿನ ಅಲ್ ಬಿಲಾದ್ ಅಣೆಕಟ್ಟನ್ನೂ ಒಡೆಯಿತು. ಊರಿನ ನಡುವೆ ಹಾದು ಹೋಗುವ ಹಳ್ಳ ವರ್ಷದ ಜಾಸ್ತಿ ದಿನ ಒಣಗೇ ಇರುತ್ತದಂತೆ. ಅದರ ಎರಡೂ ದಂಡೆಯ ಮನೆಗಳು ಜನರ ಸಮೇತ ಕಡಲಿಗೆ ಹೋದವು. ಸತ್ತವರು ಸಾವಿರಾರು. ಎಷ್ಟೋ ಜನ ಸಿಗಲೇ ಇಲ್ಲ.

ಟಿವಿಯಲ್ಲಿ ನೋಡಿದವರೆಲ್ಲ ಅಯ್ಯೋ ಪಾಪ ಅಂದರು. ನಾನು ಲೆಕ್ಕ ಹಾಕಿದೆ. ಅಬು ಮನ್ಸೂರ್ ಹಿಡಿಯುತ್ತಿದ್ದದ್ದು 2.25 ಕೋಟಿ ಘನ ಮೀಟರ್, ಕೆಳಗಿನದು 15 ಲಕ್ಷ. ಎರಡೂ ಸೇರಿಸಿದರೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ, ಆಗುವುದಿಲ್ಲ. ನಮ್ಮ ಗೊರೂರು ತುಂಬಿದರೆ 37 ಟಿಎಂಸಿ. ಹನ್ನೊಂದೂವರೆ ಸಾವಿರ ಕ್ಯೂಸೆಕ್, ಅಂದರೆ ಸೆಕೆಂಡಿಗೆ ಅಷ್ಟು ಘನ ಅಡಿ, ಒಂದು ದಿನ ಬಂದರೆ ಒಂದು ಟಿಎಂಸಿ ಸೇರುತ್ತದೆ. ಸಕಲೇಶಪುರದ ಕಡೆ ಮಳೆ ಹಿಡಿದರೆ ಅದಕ್ಕಿಂತ ಜಾಸ್ತಿ ಒಳಹರಿವನ್ನು ನಾನೇ ಪುಸ್ತಕದಲ್ಲಿ ಬರೆದಿದ್ದೇನೆ. ಬರೆದು ಕಾಫಿ ಕುಡಿದಿದ್ದೇನೆ. ಅಷ್ಟು ನೀರು ಒಂದು ಊರನ್ನೇ ಒಯ್ಯಿತು ಅಂತ ಗೊತ್ತಾದ ಮೇಲೆ ಜೋರು ಮಳೆಯ ರಾತ್ರಿ ನನಗೆ ನಿದ್ದೆ ಬರುವುದಿಲ್ಲ.

ಅದಕ್ಕೇ ಬರೆಯೋಕೆ ಕೂತೆ. ಶುರು ಹೀಗಿದೆ:

*ಓ ಕಡಲೇ, ಯಾಕಿಷ್ಟು ಹಸಿವು ನಿನಗೆ*
*ಹಾಲುಗಲ್ಲದ ಕಂದನ ಉಸಿರೇ ಬೇಕಿತ್ತೇ*

ಇದು ನನಗೇ ಹಿಡಿಸುತ್ತಿಲ್ಲ. ಮುಂದಿನ ಸಾಲು ಮುಳುಗುತ್ತಿರುವ ತಾಯಿಯ ಮಾತು ಆಗಬೇಕು. ಆದರೆ ಸತ್ತವರ ಬಾಯಿಗೆ ನನ್ನ ಮಾತು ಹಾಕಲು ಕೈ ಬರುವುದಿಲ್ಲ. ನನ್ನ ಮಗ ಕೇಳುತ್ತಾನೆ, "ಅಪ್ಪಾ, ಆ ಊರಿನವರಿಗೆ ನಿಮ್ಮ ಕವನದಿಂದ ಏನು ಸಿಗುತ್ತೆ?" ಕೋಪದಿಂದ ಕೇಳಿದ್ದಲ್ಲ, ನಿಜವಾಗಿ ತಿಳಿಯೋಕೇ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಡೆರ್ನಾದಲ್ಲೇ ಮುಸ್ತಫಾ ಅಲ್ ತ್ರಾಬೆಲ್ಸಿ ಅಂತ ಒಬ್ಬ ಕವಿ ಇದ್ದರು. ಪ್ರವಾಹಕ್ಕೆ ಸ್ವಲ್ಪ ಮೊದಲು ಮಳೆಯ ಬಗ್ಗೆ ಪದ್ಯ ಬರೆದು ಫೇಸ್‌ಬುಕ್‌ನಲ್ಲಿ ಹಾಕಿದ್ದರು. ಅದೇ ಪ್ರವಾಹದಲ್ಲಿ ತೀರಿಕೊಂಡರು. ಆಮೇಲೆ ಆ ಪದ್ಯವನ್ನು ಲೋಕವೆಲ್ಲ ಓದಿತು. ಅಲ್ಲೇ ಇದ್ದು, ಅಲ್ಲೇ ಸತ್ತವರು ಬರೆದಿರುವಾಗ ಇಲ್ಲಿ ಬೆಚ್ಚಗೆ ಕೂತವನು ಬರೆಯಬಹುದಾ? ರಾಜ್ಯೋತ್ಸವದ ಕವಿಗೋಷ್ಠಿಗೆ ಹೆಸರು ಕೊಡಿ ಅಂತ ಕೇಳುತ್ತಿದ್ದಾರೆ. ಅಲ್ಲಿ ಇದನ್ನು ಓದಬಹುದಾ? ತಿಳಿದವರು ಹೇಳಿ.

ಸಿಸ್ಟರ್, ಸಕಲೇಶಪುರ

ಸಾರ್, ಕವನದ ವಿಚಾರ ನನಗೆ ಅಷ್ಟು ಗೊತ್ತಿಲ್ಲ. ನಿದ್ದೆ ಬರುವುದಿಲ್ಲ ಅಂದಿರಲ್ಲ, ಅದರ ಬಗ್ಗೆ ಹೇಳುತ್ತೇನೆ. ನಾನು ನರ್ಸ್.

ಬರೆಯುವುದರಿಂದ ಒಳ್ಳೆಯದಾಗುತ್ತದೆ ಅನ್ನೋದು ಸುಮ್ನೆ ಹೇಳುವ ಮಾತಲ್ಲ. ಅಮೆರಿಕದ ಜೇಮ್ಸ್ ಪೆನ್ನೆಬೇಕರ್ ಅನ್ನೋ ಮನಶ್ಶಾಸ್ತ್ರಜ್ಞರು ಇನ್ನೊಬ್ಬರ ಜೊತೆ ಸೇರಿ ಕಾಲೇಜು ಹುಡುಗರಿಂದ ಹೀಗೆ ಬರೆಸಿದ್ದರು. ಮನಸ್ಸು ಕಲಕಿದ ಸಂಗತಿಯ ಬಗ್ಗೆ ದಿನಕ್ಕೆ 15 ನಿಮಿಷ, ನಾಲ್ಕು ದಿನ. 1986ರಲ್ಲಿ ಅದು ಪ್ರಕಟವಾಯಿತು. ಏನಾಯಿತು ಅನ್ನುವುದನ್ನೂ ಏನನ್ನಿಸಿತು ಅನ್ನುವುದನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಡಾಕ್ಟರ್ ಹತ್ತಿರ ಹೋದದ್ದು ಕಡಿಮೆ. ಆದರೆ ಬರೆದ ಕೂಡಲೇ ಅವರಿಗೆ ಹಗುರ ಅನ್ನಿಸಿರಲಿಲ್ಲ, ಇನ್ನೂ ಬೇಜಾರಾಗಿತ್ತು. ಹಾಗಾಗಿ ಬರೆದು ಎದ್ದಾಗ ಎದೆ ಭಾರ ಅನ್ನಿಸಿದರೆ ಹೆದರಬೇಡಿ. ಅಲ್ಲಿ ಯಾರೂ ಪ್ರಾಸ ನೋಡಲಿಲ್ಲ, ಕಾಗುಣಿತ ನೋಡಲಿಲ್ಲ. ನೀವೂ ಮೊದಲು ಹಾಗೇ ಬರೆಯಿರಿ, ಯಾರಿಗೂ ತೋರಿಸಬೇಡಿ. ಕವಿಗೋಷ್ಠಿ ಆಮೇಲೆ ಇರಲಿ.

ರಾತ್ರಿ ಮಲಗುವ ಮುಂಚೆ ಆ ವಿಡಿಯೋಗಳನ್ನು ನೋಡಬೇಡಿ ಸಾರ್. ನಿದ್ದೆ ಹೀಗೇ ಕೆಡುತ್ತಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡುತ್ತಾರೆ. ಅದು ದೊಡ್ಡ ಕಾಯಿಲೆ ಇದ್ದವರಿಗೆ ಮಾತ್ರ ಅಂದುಕೊಳ್ಳಬೇಡಿ.

ಗುಡ್ಡದ ಕೆಳಗಿನವ, ಮೂಡಿಗೆರೆ

ಅಣ್ಣಾ, ನಾನು ಇನ್ನೊಂದು ಕಡೆಯಿಂದ ಹೇಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

2019ರ ಆಗಸ್ಟ್ ಮಳೆಯಲ್ಲಿ ನಮ್ಮ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಕುಸಿದದ್ದು ಪೇಪರಿನಲ್ಲಿ ಬಂದಿತ್ತು. ನಮ್ಮದು ಅದೇ ಸೀಮೆ. ನಮ್ಮ ಗದ್ದೆ ಮೇಲೆ ಮಣ್ಣು ಕೂತಿತು, ಕಾಫಿ ಗಿಡ ಬೇರು ಸಮೇತ ಜಾರಿತು. ನಾವು ಇನ್ನೂ ನೆಂಟರ ಮನೆಯಲ್ಲಿ ಇದ್ದೆವು, ಆಗಲೇ ವಾಟ್ಸಾಪ್‌ನಲ್ಲಿ ಕವನ ಬರೋಕೆ ಶುರುವಾಯಿತು. "ಪ್ರಕೃತಿ ಮಾತೆಯ ಮುನಿಸು", "ಮನುಜನ ದುರಾಸೆಗೆ ತಕ್ಕ ಪಾಠ". ನಮ್ಮಮ್ಮನಿಗೆ ಓದಿ ಹೇಳಿದೆ. "ನಾವು ಯಾವ ದುರಾಸೆ ಮಾಡಿದ್ವಿ?" ಅಂತ ಕೇಳಿದಳು. ಆಮೇಲೆ ನಾನು ಓದಿ ಹೇಳಲಿಲ್ಲ.

ಬರೆದವರು ಒಳ್ಳೆ ಮನಸ್ಸಿನಿಂದಲೇ ಬರೆದಿದ್ದರು. ಆದರೆ ಒಂದರಲ್ಲೂ ಊರಿನ ಹೆಸರು ಇರಲಿಲ್ಲ. ಆ ಕವನವನ್ನು ಕೊಡಗಿಗೂ ಕಳಿಸಬಹುದಿತ್ತು, ಉತ್ತರಾಖಂಡಕ್ಕೂ ಕಳಿಸಬಹುದಿತ್ತು. ಒಬ್ಬರು ಮಾತ್ರ ಬೇರೆ ಥರ ಬರೆದಿದ್ದರು. ಅವರ ಸಾಲುಗಳಲ್ಲಿ ದನದ ಕೊಟ್ಟಿಗೆ ಇತ್ತು, ಒಲೆ ಮೇಲಿನ ಅಟ್ಟದಲ್ಲಿ ಒಣಗೋಕೆ ಇಟ್ಟ ಸೌದೆ ಇತ್ತು. ಅದನ್ನು ನಮ್ಮಮ್ಮ ಎರಡನೇ ಸಲ ಓದಿಸಿದಳು.

ನಿಮ್ಮ ಸಾಲಿನಲ್ಲಿ ಕಡಲಿಗೆ ಹಸಿವು ಅಂದಿದ್ದೀರಿ. ಡೆರ್ನಾದಲ್ಲಿ ಜನರನ್ನು ಕೊಂದದ್ದು ಕಡಲಾ? ಆ ಅಣೆಕಟ್ಟು ಕಟ್ಟಿದ್ದು 1970ರ ದಶಕದಲ್ಲಿ. ಬಿರುಕು ಇದೆ ಅಂತ 1998ರಲ್ಲೇ ಗೊತ್ತಾಗಿತ್ತು. 2007ರಲ್ಲಿ ಟರ್ಕಿಯ ಒಂದು ಕಂಪನಿಗೆ ರಿಪೇರಿ ಕೆಲಸ ಕೊಟ್ಟರು, 2011ರ ದಂಗೆಯಲ್ಲಿ ಆ ಕೆಲಸ ನಿಂತೇ ಹೋಯಿತು. 2022ರಲ್ಲಿ ಅಲ್ಲಿನ ಒಬ್ಬ ಸಂಶೋಧಕರು ಅಪಾಯ ಇದೆ ಅಂತ ಬರೆದಿದ್ದರು. 2024ರಲ್ಲಿ ಹನ್ನೆರಡು ಅಧಿಕಾರಿಗಳಿಗೆ ಜೈಲು ಶಿಕ್ಷೆಯೂ ಆಯಿತು. ಇಷ್ಟೆಲ್ಲ ಆಗಿರುವಾಗ ಕಡಲಿನ ಮೇಲೆ ಹೇಳಿದರೆ, ಯಾರು ಮಾಡಬೇಕಾದ ಕೆಲಸ ಮಾಡಲಿಲ್ಲವೋ ಅವರು ಬಚಾವ್ ಆಗುತ್ತಾರೆ. ನನಗೆ ಕವನದ ಮೇಲೆ ಸಿಟ್ಟಿಲ್ಲ. ಇದರ ಮೇಲೆ ಸಿಟ್ಟಿದೆ.

ಮೇಷ್ಟ್ರು, ಹೊಳೆನರಸೀಪುರ

ಮೂಡಿಗೆರೆಯವರ ಮಾತಿಗೆ ನನ್ನದೂ ಒಂದು ಸಹಿ. ಆದರೆ ಹೊಳೆದಂಡೆಯವರು ಬರೆಯುವುದನ್ನು ಬಿಡಬಾರದು.

ನಮ್ಮ ಹಳ್ಳಿಗಳಲ್ಲಿ ಹೆಂಗಸರು ಹೆಣದ ಮುಂದೆ ಹಾಡಿಕೊಂಡು ಅಳುವುದನ್ನು ನೀವೂ ಕೇಳಿರುತ್ತೀರಿ. ನಾನು ಚಿಕ್ಕವನಿದ್ದಾಗ ಕಿವಿಗೊಟ್ಟು ಕೇಳುತ್ತಿದ್ದೆ. ಅಲ್ಲಿ ಸಾವು, ವಿಧಿ ಅನ್ನೋ ಮಾತು ಬಹಳ ಕಡಿಮೆ. "ನಾಳೆ ಯಾರಿಗೆ ಬುತ್ತಿ ಕಟ್ಟಲಿ", "ಎಮ್ಮೆ ಕರು ನಿನ್ನ ದನಿ ಹುಡುಕುತ್ತದೆ" ಅಂತ ಹಾಡುತ್ತಿದ್ದರು. ನೆಂಟರಲ್ಲದ ಹೆಂಗಸರೂ ಬಂದು ದನಿ ಕೂಡಿಸುತ್ತಿದ್ದರು. ನಿನಗೇನು ಹಕ್ಕು ಅಂತ ಅವರನ್ನು ಯಾರೂ ಕೇಳಲಿಲ್ಲ. ಆದರೆ ಬೇರೆ ಊರಿನಿಂದ ಬಂದವಳು ಸತ್ತವನ ಹೆಂಡತಿಯಂತೆ ಹಾಡುತ್ತಿರಲಿಲ್ಲ. ತಾನು ಕಂಡದ್ದನ್ನು ಹಾಡುತ್ತಿದ್ದಳು. ಕಳೆದ ಸುಗ್ಗಿಯಲ್ಲಿ ನಿನ್ನ ಮನೆಯಲ್ಲಿ ಉಂಡು ಹೋದೆ ಅಂತ. ನೀವು ಮುಳುಗುವ ತಾಯಿಯ ಮಾತು ಬರೆಯಲಾರೆ ಅಂದಿರಲ್ಲ, ಅಲ್ಲಿ ನಿಮ್ಮ ಕೈ ಸರಿಯಾಗೇ ನಿಂತಿದೆ.

ಹಾಗಾದರೆ ನೀವು ಯಾರಾಗಿ ಬರೆಯಬೇಕು? ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕವನದ ಸಾಲಲ್ಲ, ಟಿಎಂಸಿ ಲೆಕ್ಕ. "ಬರೆದು ಕಾಫಿ ಕುಡಿದಿದ್ದೇನೆ" ಅಂದ ಜಾಗದಲ್ಲಿ ನಾನು ಓದುವುದನ್ನು ನಿಲ್ಲಿಸಿ ಸುಮ್ಮನೆ ಕೂತೆ. ಡೆರ್ನಾದ ಬಗ್ಗೆ ಅಳುವವರು ಬಹಳ ಜನ ಇದ್ದಾರೆ. ನೀರಿನ ಮಟ್ಟ ಬರೆದು ಫೋನ್ ಮಾಡಿದ ಕೈ ಇರುವ ಕವಿಗಳು ಎಷ್ಟು ಜನ?

ನಿಮಗೆ ಛಂದಸ್ಸು ಗೊತ್ತಿದ್ದರೆ ಭಾಮಿನಿ ಷಟ್ಪದಿಯಲ್ಲಿ, ಅಂದರೆ ಕುಮಾರವ್ಯಾಸ ಭಾರತದ ಛಂದಸ್ಸಿನಲ್ಲಿ, ಪ್ರಯತ್ನ ಮಾಡಿ ಅನ್ನೋಣ ಅಂದುಕೊಂಡಿದ್ದೆ. ಮೂರು ನಾಲ್ಕು, ಮೂರು ನಾಲ್ಕು ಅಂತ ಮಾತ್ರೆ ಎಣಿಸುವಾಗ ಅಳುವ ಮನಸ್ಸಿಗೂ ಒಂದು ಕೆಲಸ ಸಿಗುತ್ತದೆ. ಆದರೆ ಈ ವಿಷಯಕ್ಕೆ ಬೇಡ ಅನ್ನಿಸುತ್ತಿದೆ. ಯುದ್ಧದ ಗತ್ತು ಬಂದುಬಿಡಬಹುದು.

ನಾನು ಹೊಳೆನರಸೀಪುರದವನು, ನಿಮ್ಮ ಅಣೆಕಟ್ಟಿನ ಕೆಳಗಿನವನು. ಗೇಟ್ ಎತ್ತುವ ಮುಂಚೆ ನಮಗೆ ಒಂದು ಪ್ರಕಟಣೆ ಬರುತ್ತದೆ. ಆಟೋಗೆ ಮೈಕ್ ಕಟ್ಟಿಕೊಂಡು ಸಾರುತ್ತಾ ಹೋದದ್ದನ್ನೂ ಕೇಳಿದ್ದೇನೆ. ಅದರ ಮೂಲ ನಿಮ್ಮ ಗೇಜ್ ಪುಸ್ತಕವೇ ಅಲ್ವಾ? ಅದನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಇಲ್ಲವೇ ನಿಮ್ಮ ಕಡೆ ಮುಳುಗಡೆಯಾದ ಹಳ್ಳಿಗಳ ಬಗ್ಗೆ ಬರೆದು, ಅಲ್ಲಿಂದ ಡೆರ್ನಾಕ್ಕೆ ಹೋಗಬಹುದು.

ಹೊಳೆದಂಡೆ, ಗೊರೂರು

ಎಲ್ಲರಿಗೂ ಕೈ ಮುಗಿದೆ. ಸಿಸ್ಟರ್, ರಾತ್ರಿ ಫೋನನ್ನು ಹಾಲ್‌ನಲ್ಲೇ ಇಟ್ಟು ಮಲಗುತ್ತಿದ್ದೇನೆ. ನೀವು ಹೇಳಿದ ಹಾಗೆ ಯಾರಿಗೂ ತೋರಿಸದೆ ಬರೆದೆ. ಅದರಲ್ಲಿ ಏನೇನೋ ಬಂತು, ಅದು ನನ್ನ ಹತ್ತಿರವೇ ಇರಲಿ.

ಮೇಷ್ಟ್ರೇ, ಮುಳುಗಡೆ ಹಳ್ಳಿಯ ಮಾತು ಬೇಡ. ನಮ್ಮ ತಾಯಿಯ ತವರು ಈ ಹಿನ್ನೀರಿನ ಕೆಳಗೇ ಇದೆ. ಬೇಸಿಗೆಯಲ್ಲಿ ನೀರು ಇಳಿದಾಗ ಶೆಟ್ಟಿಹಳ್ಳಿ ಚರ್ಚ್ ನೋಡೋಕೆ ಜನ ಬರುತ್ತಾರಲ್ಲ, ನಮ್ಮ ತಾಯಿ ಆ ಕಡೆ ಮುಖ ಹಾಕುತ್ತಿರಲಿಲ್ಲ. ಅದು ದೊಡ್ಡ ನೋವೇ. ಆದರೆ ಅವರಿಗೆ ಮೊದಲೇ ನೋಟಿಸ್ ಬಂದಿತ್ತು. ಪಾತ್ರೆ, ದನ, ದೇವರ ಪಟ ಎಲ್ಲ ಗಾಡಿಗೆ ಹೇರಿಕೊಂಡು ಬಂದರು. ಬಾಗಿಲನ್ನೂ ಕಿತ್ತು ತಂದರು. ಡೆರ್ನಾದವರಿಗೆ ಎದ್ದು ಬಾಗಿಲು ತೆಗೆಯುವಷ್ಟೂ ಹೊತ್ತು ಸಿಗಲಿಲ್ಲ. ಎರಡನ್ನೂ ಒಂದೇ ಕವನದಲ್ಲಿ ಕಟ್ಟಿದರೆ ಅವರ ಸಾವನ್ನು ನಮ್ಮ ಮನೆ ಕಥೆಗೆ ಎಳೆದ ಹಾಗೆ ಆಗುತ್ತದೆ.

ಆದರೆ ಪ್ರಕಟಣೆ ಅಂದಿರಲ್ಲ, ಅದು ತಲೆಯಲ್ಲಿ ಕೂತಿತು. ಡೆರ್ನಾದಲ್ಲಿ ಒಬ್ಬರು ಮನೆ ಬಿಡಿ ಅಂದರಂತೆ, ಇನ್ನೊಬ್ಬರು ಹೊರಗೆ ಬರಬೇಡಿ ಅಂದರಂತೆ. ಮನೆಯಲ್ಲೇ ಉಳಿದವರು ಮಲಗಿದ್ದರು. ನನ್ನ ನಿದ್ದೆ ಕೆಟ್ಟದ್ದು ಇದಕ್ಕೇ ಅಂತ ಬರೆಯುವಾಗ ಗೊತ್ತಾಯಿತು. ಮಟ್ಟ ನೋಡಿ ಫೋನ್ ಮಾಡುವುದೇ ನನ್ನ ಕೆಲಸ ಆಗಿತ್ತು. ಅಲ್ಲಿ ಆ ಫೋನ್ ಯಾರಿಗೂ ಹೋಗಲಿಲ್ಲ. ಹಾಗಾಗಿ ಹೀಗೆ ಬರೆದೆ:

*ನದಿ ಪಾತ್ರದ ಜನರ ಗಮನಕ್ಕೆ*

*ಒಳಹರಿವು ಹೆಚ್ಚಿದೆ.*
*ದನ ಕಟ್ಟಿದ್ದರೆ ಹಗ್ಗ ಬಿಚ್ಚಿ.*
*ಹಳ್ಳ ಒಣಗಿದೆ ಅಂತ ನಂಬಬೇಡಿ,*
*ಅದು ನಿನ್ನೆಯ ಮಾತು.*
*ಮಲಗಿದ ಮಕ್ಕಳನ್ನು ಹಾಗೇ ಎತ್ತಿಕೊಳ್ಳಿ,*
*ಏಳಿಸುತ್ತಾ ನಿಲ್ಲಬೇಡಿ.*
*ಹೊರಗೆ ಬರಬೇಡಿ ಅಂದವರ ಮಾತು ಕೇಳಬೇಡಿ,*
*ಅವರು ಗೇಜ್ ನೋಡಿಲ್ಲ.*
*ಕಡಲಿನ ಕಡೆ ಓಡಬೇಡಿ, ಮೇಲೆ ಹತ್ತಿ.*
*ಡೆರ್ನಾ ಊರಿನವರೇ,*
*ಇದು ಗೊರೂರಿನಿಂದ ಹೇಳುತ್ತಿರುವುದು.*
*ತಡವಾಗಿದೆ, ನನಗೆ ಗೊತ್ತು.*
*ಆದರೂ ಎಚ್ಚರ, ಎಚ್ಚರ.*

ಗುಡ್ಡದ ಕೆಳಗಿನವ, ಮೂಡಿಗೆರೆ

ಅಣ್ಣಾ, ಇದನ್ನು ನಮ್ಮಮ್ಮನಿಗೆ ಓದಿ ಹೇಳಿದೆ. "ಏಳಿಸುತ್ತಾ ನಿಲ್ಲಬೇಡಿ" ಅನ್ನುವಾಗ "ಹೌದು, ಹಾಗೇ ಎತ್ತಿಕೊಂಡು ಬಂದೆ" ಅಂದಳು. ನನ್ನ ತಂಗಿಯ ಮಗುವನ್ನು ಅವತ್ತು ಅವಳೇ ಎತ್ತಿ ತಂದದ್ದು.

ಒಂದೇ ಒಂದು ಮಾತು. "ಅವರು ಗೇಜ್ ನೋಡಿಲ್ಲ" ಅನ್ನೋ ಸಾಲನ್ನು ಯಾರು ಏನೇ ಅಂದರೂ ತೆಗೆಯಬೇಡಿ. ಕಡಲಿನ ಹಸಿವಿನ ಜಾಗದಲ್ಲಿ ಅದು ಬಂದು ಕೂತಿದೆ.

ಮೇಷ್ಟ್ರು, ಹೊಳೆನರಸೀಪುರ

ಕೊನೆಯ "ಎಚ್ಚರ, ಎಚ್ಚರ" ಬೇಕಾ ಅಂತ ಯೋಚಿಸಿ. "ಆದರೂ ಹೇಳುತ್ತಿದ್ದೇನೆ" ಅಂದರೆ ಸಾಕು. ಎಚ್ಚರ ಅಂತ ಎರಡು ಸಲ ಅಂದರೆ ವೇದಿಕೆಯ ಮೇಲೆ ದನಿ ಏರುತ್ತದೆ, ಪ್ರಕಟಣೆಯಲ್ಲಿ ದನಿ ಏರುವುದಿಲ್ಲ. ಉಳಿದದ್ದು ಹಾಗೇ ಇರಲಿ.

ಕವಿಗೋಷ್ಠಿಯಲ್ಲಿ ಓದಿ. ರಾಜ್ಯೋತ್ಸವ ಅಂದರೆ ನಾಡು ನುಡಿಯ ಬಗ್ಗೆಯೇ ಓದಬೇಕು ಅಂತ ಯಾರಾದರೂ ಹೇಳಿದರೆ, ಇದೂ ಕನ್ನಡದಲ್ಲೇ ಇದೆ ಅಂತ ಹೇಳಿ. ಓದುವ ಮುಂಚೆ ಡೆರ್ನಾ ಎಲ್ಲಿದೆ, ಅಲ್ಲಿ ಏನಾಯಿತು ಅಂತ ಎರಡೇ ವಾಕ್ಯ ಸಾಕು. ಟಿಎಂಸಿ ಲೆಕ್ಕವನ್ನು ಮಾತ್ರ ಬಿಡಬೇಡಿ. ನಮ್ಮ ಕಡೆಯ ಜನಕ್ಕೆ ಅದು ತಕ್ಷಣ ಅರ್ಥವಾಗುತ್ತದೆ.

ಹೊಳೆದಂಡೆ, ಗೊರೂರು

ಸರಿ ಮೇಷ್ಟ್ರೇ, "ಎಚ್ಚರ" ತೆಗೆದೆ. ಮೂಡಿಗೆರೆ ತಮ್ಮಾ, ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ಹೇಳಿ. ಇವತ್ತು ಹೆಸರು ಕೊಟ್ಟು ಬಂದೆ. ಒಬ್ಬೊಬ್ಬರಿಗೆ ಮೂರು ನಿಮಿಷ ಅಂದಿದ್ದಾರೆ. ಮಗನೂ ಬರುತ್ತೇನೆ ಅಂದಿದ್ದಾನೆ.