ಪದಚರ್ಚೆ: ಮರೆವು ಶುರುವಾದವರ ಊಟದ ಕ್ರಮಕ್ಕೆ ಏನನ್ನಬೇಕು? (ತುರ್ತು)

ಶಾ., ಶಿರಸಿ:
ಎಲ್ಲರಿಗೂ ನಮಸ್ಕಾರ. ನಾಡಿದ್ದು ನಮ್ಮೂರಲ್ಲಿ ಹಿರಿಯರಿಗೆ ನೆನಪಿನ ತಪಾಸಣೆ ಶಿಬಿರ ಇದೆ. ಇಂಗ್ಲಿಷ್ ಪುಟವೊಂದನ್ನು ಕರಪತ್ರ ಮಾಡಿ ಸಂಜೆಯೊಳಗೆ ಪ್ರೆಸ್ಸಿಗೆ ಕೊಡಬೇಕು. ಎರಡು ಕಡೆ ಸಿಕ್ಕಿಬಿದ್ದಿದ್ದೇನೆ. ಒಂದು, ‘ಮೈಲ್ಡ್ ಕಾಗ್ನಿಟಿವ್ ಇಂಪೇರ್‌ಮೆಂಟ್’. ವಯಸ್ಸಿನ ಮರೆವಿಗಿಂತ ಜಾಸ್ತಿ, ಆದರೆ ದಿನದ ಕೆಲಸಕ್ಕೂ ಅಡ್ಡಿಯಾಗುವ ಮರೆವಿನ ಕಾಯಿಲೆ, ಅಂದರೆ ಡಿಮೆನ್ಶಿಯಾ ಅಲ್ಲ. ಅಡುಗೆ, ಬ್ಯಾಂಕು, ಪೇಟೆ ಎಲ್ಲ ಅವರೇ ನೋಡಿಕೊಳ್ಳುತ್ತಾರೆ. ‘ಸೌಮ್ಯ ಸಂಜ್ಞಾನಾತ್ಮಕ ದೌರ್ಬಲ್ಯ’ ಅಂದರೆ ಯಾವ ಅಜ್ಜಿ ಓದುತ್ತಾರೆ? ಎರಡು, ತಲೆಬರಹ. ‘ಪಥ್ಯ ಚಿಕಿತ್ಸೆ’ ಅಂತ ಹಾಕಿದ್ದೇನೆ. ಸರಿಯಾ?

ಕೆ.ಎಸ್.:
ಸರಿಯಲ್ಲ. ಎರಡೂ ಸಂಸ್ಕೃತ. ಅರಿವು + ಇಳಿಕೆ = ಅರಿವಿಳಿಕೆ. ಪಥ್ಯಕ್ಕೆ ‘ಊಟಕಟ್ಟು’. ಮುಗೀತು.

ವಿ., ಮೈಸೂರು:
ಮುಗಿಯಲಿಲ್ಲ ಸ್ವಾಮಿ. ‘ಅರಿವಳಿಕೆ’ ಅಂದರೆ ಅನಸ್ತೇಶಿಯಾ. ಪ್ರೆಸ್ಸಿನಲ್ಲಿ ಒಂದು ಗುಡಿಸು ಬಿದ್ದುಹೋದರೆ, ಪ್ರಜ್ಞೆ ತಪ್ಪಿಸ್ತಾರೆ ಅಂತ ಶಿಬಿರಕ್ಕೆ ಬಂದವರೆಲ್ಲ ಓಡುತ್ತಾರೆ.

ಗು., ಧಾರವಾಡ:
ಜನ ಆಡೋ ಮಾತೇ ಇದೆಯಲ್ಲ. ಅರವತ್ತಕ್ಕೆ ಅರಳು ಮರಳು. ಅದನ್ನೇ ಹಾಕಿ.

ಕೆ.ಎಸ್.:
ಅದು ಬೈಗುಳ, ಪದವಲ್ಲ. ಅಲ್ಲಿರೋದು ‘ಮರುಳು’. ಮರೆವಿಗೂ ಅದಕ್ಕೂ ನೆಂಟಸ್ತಿಕೆ ಇಲ್ಲ. ಹಳಗನ್ನಡದಲ್ಲಿ ಮರೆಯುವುದು ‘ಮಱೆ’, ಅಲ್ಲಿರೋದು ಶಕಟರೇಫ, ಈಗ ಬಳಕೆ ತಪ್ಪಿದ ‘ಱ’ ಅಕ್ಷರ. ‘ಮರುಳ್’ಗೆ ಸಾದಾ ರಕಾರ. ಅರಿವಿನ ‘ಅಱಿ’ಯಲ್ಲೂ ಶಕಟರೇಫವೇ. ಇದನ್ನು ಎಷ್ಟು ಸಲ ಬರೆಯೋದು?

ವಿ.:
ಕರಪತ್ರ ಓದುವವರಿಗೆ ಶಕಟರೇಫ ಯಾಕೆ? ನನ್ನ ತಕರಾರು ‘ಚಿಕಿತ್ಸೆ’ಯ ಮೇಲೆ. ಆ ಪದ ಹಾಕಿದರೆ ಜನ ಮಾತ್ರೆ ಬಿಟ್ಟು ಸೊಪ್ಪು ತಿನ್ನುತ್ತಾರೆ. ಪುಟದಲ್ಲಿ ‘ಮೈಂಡ್ ಡಯಟ್’ ಇರಲೇಬೇಕು, ಅಲ್ವಾ? ಷಿಕಾಗೊದ ರಶ್ ವಿಶ್ವವಿದ್ಯಾಲಯದ ಮಾರ್ಥಾ ಕ್ಲೇರ್ ಮಾರಿಸ್ ತಂಡ 2015ರಲ್ಲಿ ಹೇಳಿದ್ದು. ಸೊಪ್ಪು, ಬೇಳೆಕಾಳು, ಇಡೀ ಧಾನ್ಯ, ಬಾದಾಮಿಯಂಥವು, ಮೀನು ಜಾಸ್ತಿ. ಬೆಣ್ಣೆ, ಕರಿದದ್ದು, ಸಿಹಿ ಕಮ್ಮಿ. ಹೀಗೆ ಉಣ್ಣುವವರಲ್ಲಿ ಮರೆವು ನಿಧಾನ ಅಂತ ಆಗ ಕಂಡಿತ್ತು. ಆದರೆ 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 604 ಜನರನ್ನು 3 ವರ್ಷ ನೋಡಿದರು. ಇನ್ನೂ ಮರೆವು ಶುರುವಾಗದವರು, ಮನೆತನದಲ್ಲಿ ಡಿಮೆನ್ಶಿಯಾ ಇದ್ದವರು. ತಮ್ಮ ಮಾಮೂಲಿ ಊಟವನ್ನೇ ಸ್ವಲ್ಪ ಕಮ್ಮಿ ಮಾಡಿದವರಿಗೂ ಮೈಂಡ್ ಡಯಟ್ ಉಂಡವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಫಿನ್ಲೆಂಡಿನ ‘ಫಿಂಗರ್’ ಅಧ್ಯಯನದಲ್ಲಿ ಲಾಭ ಕಂಡಿದ್ದು ನಿಜ. ಅಲ್ಲಿ ಊಟದ ಜೊತೆ ವ್ಯಾಯಾಮ, ಮಿದುಳಿಗೆ ಕಸರತ್ತು, ಬಿಪಿ ಮೇಲೆ ನಿಗಾ ಎಲ್ಲ ಇತ್ತು. ಬರೀ ಊಟಕ್ಕೆ ‘ಚಿಕಿತ್ಸೆ’ ಅಂತ ಹೆಸರು ಕೊಡೋಕಾಗಲ್ಲ.

‘ಪಥ್ಯ’ವೂ ಬೇಡ. ನಮ್ಮಲ್ಲಿ ಪಥ್ಯ ಅಂದರೆ ಉಪ್ಪು ಹುಳಿ ಬಿಡೋದು. ಇಲ್ಲಿ ಬಿಡೋದಕ್ಕಿಂತ ಸೇರಿಸೋದೇ ಜಾಸ್ತಿ.

ಶಾ.:
ಹಾಗಾದರೆ ಊಟದಿಂದ ವಾಸಿಯಾಗೋದು ಏನೂ ಇಲ್ಲವಾ? ಡಾಕ್ಟರು ವಿಟಮಿನ್ ಬಿ12 ಅಂತ ಇರುವ ಒಂದು ಸಾಲಿನ ಕೆಳಗೆ ಗೀಟು ಹಾಕಿದ್ದಾರೆ.

ವಿ.:
ಅದನ್ನು ದಪ್ಪಕ್ಷರದಲ್ಲಿ ಹಾಕಿ. ಬಿ12 ಕಮ್ಮಿಯಾದರೂ ಮರೆವು ಬರುತ್ತೆ. ಬೇಗ ಗೊತ್ತಾದರೆ ಮಾತ್ರೆ, ಇಂಜೆಕ್ಷನ್‌ನಿಂದ ಸುಧಾರಿಸಬಹುದು. ಸಸ್ಯಾಹಾರಿಗಳಲ್ಲಿ ಈ ಕೊರತೆ ಜಾಸ್ತಿ. ಹಾಲು, ಮೊಸರಲ್ಲಿ ಸ್ವಲ್ಪ ಇದೆ, ಸೊಪ್ಪು ತರಕಾರಿಯಲ್ಲಿ ಇಲ್ಲ. ವಯಸ್ಸಾದಂತೆ ಮೈಗೆ ಹತ್ತೋದೂ ಕಮ್ಮಿ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಳ್ಳೋರೂ ರಕ್ತ ಪರೀಕ್ಷೆ ಮಾಡಿಸಲಿ.

ಕೆ.ಎಸ್.:
ಡಯಟ್, ಬಿಪಿ, ಇಂಜೆಕ್ಷನ್. ಇದು ಕನ್ನಡದ ಪಟ್ಟಿಯೋ, ಮೆಡಿಕಲ್ ಶಾಪೋ?

ಗು.:
ನೀವು ಕೂತ ಕುರ್ಚಿ, ಕೈ ತೊಳೆಯೋ ಸಾಬೂನು ಎರಡೂ ಎರವಲು. ಮೊದಲು ಎದ್ದು ನಿಂತು ಬರೆಯಿರಿ.

ಕೆ.ಎಸ್.:
ಹಳೇ ಎರವಲು ಬೇರೆ, ಸೋಮಾರಿ ಎರವಲು ಬೇರೆ.

ಶಾ.:
ಜಗಳ ಆಮೇಲೆ ಮಾಡಿ, ದಯವಿಟ್ಟು. ಪುಟದಲ್ಲಿ ‘ಬ್ರಾಹ್ಮಿ’ಯೂ ಇದೆ. ಒಂದೆಲಗ ಅಂತ ಹಾಕಲಾ? ನಮ್ಮಲ್ಲಿ ತಂಬುಳಿ ಮಾಡ್ತೇವೆ.

ರಾ., ಪುತ್ತೂರು:
ಸುಮ್ನೆ ಹಾಕಬೇಡಿ. ಬ್ರಾಹ್ಮಿ ಹೆಸರಲ್ಲಿ ಎರಡು ಗಿಡ ಇವೆ. ಪುಟದಲ್ಲಿ ‘ಬಕೋಪಾ’ ಅಂತ ಇದ್ದರೆ ಅದು ನೀರುಬ್ರಾಹ್ಮಿ, ಸಣ್ಣ ದಪ್ಪ ಎಲೆಯದು. ‘ಸೆಂಟೆಲ್ಲಾ’ ಇದ್ದರೆ ನಿಮ್ಮ ಒಂದೆಲಗ, ತುಳುವಿನ ತಿಮರೆ.

ಶಾ.:
ಬಕೋಪಾ ಅಂತಲೇ ಇದೆ. ತಂಬುಳಿ ತೆಗೆದೆ. ತಲೆಬರಹ ‘ಮರೆವು ಜಾಸ್ತಿಯಾಗಿದೆಯಾ? ಊಟದಲ್ಲಿ ಏನು ನೋಡಿಕೊಳ್ಳಬೇಕು’. ಒಳಗೆ ‘ಆರಂಭದ ಮರೆವಿನ ತೊಂದರೆ’. ಬರೀ ಮರೆವಲ್ಲ, ಲೆಕ್ಕ, ಮಾತು ತಡವರಿಸೋದೂ ಸೇರುತ್ತೆ ಅಂತ ಕೆಳಗೆ ಒಂದು ಸಾಲು. ಕೆ.ಎಸ್. ಅವರೇ, ‘ಆರಂಭ’ ಸಂಸ್ಕೃತ ಅಂತ ಈಗ ಬರೆಯಬೇಡಿ, ಪ್ರೆಸ್ಸಿಗೆ ಹೋಗಿದೆ.